ನನ್ನ ಕಾದಂಬರಿಯ ಪ್ರಧಾನಿ ಹನ್ನೊಂದು ತಿಂಗಳಿಗೆ ಕುರ್ಚಿ ಕಳ್ಕೊಳ್ತಾಳೆ. ಇದು ನಂಬೋ ಹಾಗಿದೆಯಾ?

ಶರಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೀತಾ ಇದೀನಿ. ದೇಶ ನನ್ನ ಕಲ್ಪನೆಯದು, ಹೆಸರು ಮಲೆಗಡಲು. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಮೂರು ಪ್ರಾಂತ್ಯ. ಸಂಸತ್ತಿನಲ್ಲಿ 120 ಸ್ಥಾನ. ಕಥೆ ಇರೋದು ಅಲ್ಲಿನ ಪ್ರಧಾನಿ ಗೌರಕ್ಕನ ರಾಜಕೀಯ ಜೀವನದ ಬಗ್ಗೆ.

ಗೌರಕ್ಕ ಅಡಿಕೆ ಮಾರಾಟದ ಸಹಕಾರ ಸಂಘದಲ್ಲಿ ಲೆಕ್ಕ ಬರೀತಿದ್ದವಳು. ಅಲ್ಲಿಂದ ಸಂಘದ ಚುನಾವಣೆ, ಆಮೇಲೆ ಪ್ರಾಂತ್ಯದ ಸಭೆ, ನೀರಾವರಿ ಮಂತ್ರಿ, 55ನೇ ವಯಸ್ಸಿಗೆ ಪ್ರಾಂತ್ಯದ ಮುಖ್ಯಮಂತ್ರಿ. ಅಷ್ಟರಲ್ಲಿ ಕೇಂದ್ರದಲ್ಲಿ ಯಾರಿಗೂ ಬಹುಮತ ಬರಲ್ಲ. ದೊಡ್ಡ ಪಕ್ಷಕ್ಕೆ 44, ಐದು ಪಕ್ಷಗಳ ಒಕ್ಕೂಟಕ್ಕೆ 50 (ಅದರಲ್ಲಿ ಗೌರಕ್ಕನ ಪಕ್ಷದ್ದು 18), ಹಳೇ ಆಡಳಿತ ಪಕ್ಷಕ್ಕೆ 24, ಪಕ್ಷೇತರರು 2. ಒಕ್ಕೂಟದ ದೊಡ್ಡ ತಲೆಗಳು ಒಬ್ಬೊಬ್ಬರಾಗಿ ಒಲ್ಲೆ ಅಂತಾರೆ. ಕೊನೆಗೆ ರಾಜಧಾನಿಯ ರಸ್ತೆಗಳ ಹೆಸರೂ ಗೊತ್ತಿಲ್ಲದ ಗೌರಕ್ಕನನ್ನು ಕರೆಸಿ ಕೂರಿಸ್ತಾರೆ. ಆಕೆ ಸಂಸತ್ತಿನ ಸದಸ್ಯೆಯೇ ಅಲ್ಲ. ಹಳೇ ಆಡಳಿತ ಪಕ್ಷ ಹೊರಗಿನಿಂದ ಬೆಂಬಲ ಕೊಡುತ್ತೆ, ಹನ್ನೊಂದು ತಿಂಗಳಾದ ಮೇಲೆ ಆ ಬೆಂಬಲ ವಾಪಸ್ ತಗೊಳ್ಳುತ್ತೆ. ಸರ್ಕಾರ ಬೀಳುತ್ತೆ.

ಹಸ್ತಪ್ರತಿ ಓದಿದ ಗೆಳತಿ ಮೂರು ಕಡೆ ಕೆಂಪು ಗೆರೆ ಎಳೆದಿದ್ದಾಳೆ. ಸದಸ್ಯೆ ಅಲ್ಲದವಳು ಪ್ರಧಾನಿ ಆಗೋಕಾಗಲ್ಲ. ಸಿಕ್ಕ ಕುರ್ಚಿಯನ್ನ ಯಾರೂ ಬೇಡ ಅನ್ನಲ್ಲ. ಕೊಟ್ಟ ಬೆಂಬಲವನ್ನ ಬಲವಾದ ಕಾರಣ ಇಲ್ಲದೆ ಯಾರೂ ಹಿಂದಕ್ಕೆ ತಗೊಳ್ಳಲ್ಲ. ಇಲ್ಲಿ ರಾಜಕೀಯ ಬಲ್ಲವರು ಬಹಳ ಜನ ಇದೀರಿ. ಏನನ್ನಿಸುತ್ತೆ ಹೇಳಿ.

ಹಾಸನದ_ಹೈದ
ಅಕ್ಕಾ, ನಿಮ್ಮ ಗೆಳತಿಗೆ 1996 ನೆನಪಿಲ್ಲ ಅನ್ಸುತ್ತೆ. ನಮ್ಮ ಹರದನಹಳ್ಳಿ ದೇವೇಗೌಡ್ರು ಜೂನ್ 1ಕ್ಕೆ ಪ್ರಮಾಣವಚನ ತಗೊಂಡಾಗ ಲೋಕಸಭೆಲೂ ಇರ್ಲಿಲ್ಲ, ರಾಜ್ಯಸಭೆಲೂ ಇರ್ಲಿಲ್ಲ. ಹಿಂದಿನ ದಿನದ ತನಕ ವಿಧಾನಸೌಧದಲ್ಲಿ ಮುಖ್ಯಮಂತ್ರಿ. ಆಮೇಲೆ ಕರ್ನಾಟಕದಿಂದ ರಾಜ್ಯಸಭೆಗೆ ಹೋದ್ರು. ಮೊದಲ್ನೇ ಗೆರೆ ಅಳಿಸಿಬಿಡಿ.

ಪುಟಾಣಿ_ಓದುಗ
ಎರಡನೇದೂ ಅಳಿಸಿ. ಅದೇ ವರ್ಷ ವಿ.ಪಿ. ಸಿಂಗ್ ಒಲ್ಲೆ ಅಂದಿದ್ರು.

ಹಾಸನದ_ಹೈದ
ಹೌದು. ಜ್ಯೋತಿ ಬಸು ಅವ್ರನ್ನೂ ಕೇಳಿದ್ರು. ಅವ್ರ ಪಕ್ಷದ ಕೇಂದ್ರ ಸಮಿತಿನೇ ಬೇಡ ಅಂತು. ಅದು ಐತಿಹಾಸಿಕ ಪ್ರಮಾದ ಅಂತ ಬಸು ಅವ್ರೇ ಆಮೇಲೆ ಹೇಳಿದ್ರು. ಹಂಗಾಗಿ ಕುರ್ಚಿ ಬೇಡ ಅನ್ನೋರು ಇರ್ತಾರೆ, ಬೇಕು ಅಂದ್ರೂ ಕೂರೋಕೆ ಬಿಡದ ಪಕ್ಷಗಳೂ ಇರ್ತಾವೆ.

ವಕೀಲ_ಮೈಸೂರು
ಕಾನೂನಿನ ಭಾಗ ಹೇಳಿಬಿಡುತ್ತೇನೆ. ನಮ್ಮ ಸಂವಿಧಾನದ 75(5)ನೇ ವಿಧಿ ಪ್ರಕಾರ ಸದಸ್ಯರಲ್ಲದವರೂ ಮಂತ್ರಿ ಆಗಬಹುದು. ಸತತ ಆರು ತಿಂಗಳು ಯಾವ ಸದನದಲ್ಲೂ ಸದಸ್ಯತ್ವ ಇಲ್ಲದಿದ್ದರೆ ಸ್ಥಾನ ಹೋಗುತ್ತದೆ. ಪ್ರಧಾನಿಗೂ ಇದೇ ಅನ್ವಯ. ರಾಜ್ಯಗಳಿಗೆ 164(4). ಐದು ತಿಂಗಳು ಇಪ್ಪತ್ತೊಂಬತ್ತು ದಿನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಪ್ರಮಾಣವಚನ ತೆಗೆದುಕೊಳ್ಳುವ ದಾರಿಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಪಂಜಾಬಿನ ಒಂದು ಪ್ರಕರಣದಲ್ಲಿ ಮುಚ್ಚಿತು. ಚುನಾಯಿತರಾಗದೆ ಎರಡನೇ ಆರು ತಿಂಗಳು ಸಿಗುವುದಿಲ್ಲ.

ಮೇಡಂ, ನಿಮ್ಮ ಮಲೆಗಡಲಿಗೆ ಈ ಗಡುವು ಇದೆಯೇ? ಇದ್ದರೆ ಗೌರಕ್ಕ ಎಲ್ಲಿಂದ ಗೆದ್ದಳು? ಯಾರೋ ಒಬ್ಬರು ಆಕೆಗಾಗಿ ಸ್ಥಾನ ತೆರವು ಮಾಡಿರಬೇಕು. ಆ ಋಣ ಮುಂದೆ ಎಲ್ಲಿಯಾದರೂ ತೀರಬೇಕಲ್ಲ.

ಶರಾವತಿ_ದಂಡೆ
ಆ ಋಣದ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್. ಗುರುತು ಹಾಕ್ಕೊಂಡೆ.

ಕುಡ್ಲ_ಕಡಲು
ನೇರ ಹೇಳ್ತೇನೆ, ಬೇಸರ ಮಾಡ್ಬೇಡಿ. ಇದು ಗೌಡರ ಕಥೆಗೆ ಸೀರೆ ಉಡಿಸಿದ ಹಾಗೆ ಉಂಟು. ನೀರಾವರಿ ಮಂತ್ರಿ, ಮುಖ್ಯಮಂತ್ರಿ, ಸದನದ ಸದಸ್ಯತ್ವ ಇಲ್ಲ, ಹೊರಗಿನ ಬೆಂಬಲ, ಹನ್ನೊಂದು ತಿಂಗಳು. ಒಂದೂ ಬಿಟ್ಟಿಲ್ಲ ನೀವು. ಮತ್ತೆ ಬೇರೆ ದೇಶ ಕಟ್ಟುವುದು ಎಂತಕ್ಕೆ? ಗೌಡರ ಜೀವನ ಚರಿತ್ರೆಯನ್ನೇ ಬರೀಬಹುದಲ್ವಾ ಮಾರಾಯ್ರೆ?

ಹಾಸನದ_ಹೈದ
ಗೌಡ್ರ ಜೀವನ ಇದಕ್ಕಿಂತ ದೊಡ್ದು ಸ್ವಾಮಿ. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ರು. ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಓದಿದ ರೈತರ ಮಗ. ತುರ್ತುಪರಿಸ್ಥಿತಿಲಿ ಜೈಲು. ಪ್ರಧಾನಿ ಆಗಿದ್ದೋರು 1999ರಲ್ಲಿ ಹಾಸನದಲ್ಲೇ ಸೋತ್ರು, 2002ರಲ್ಲಿ ಕನಕಪುರದ ಉಪಚುನಾವಣೆಲಿ ಎದ್ ಬಂದ್ರು. 2019ರಲ್ಲಿ ತುಮಕೂರಲ್ಲಿ ಸೋತು 2020ಕ್ಕೆ ರಾಜ್ಯಸಭೆ. ಹನ್ನೊಂದು ತಿಂಗಳು ಅದ್ರಲ್ಲಿ ಒಂದು ಅಧ್ಯಾಯ ಅಷ್ಟೆ.

ಕುಡ್ಲ_ಕಡಲು
ನಾನು ಹೇಳಿದ್ದೂ ಅದೇ. ನಿಜವಾದದ್ದು ಇಷ್ಟು ದೊಡ್ಡದು ಇರುವಾಗ ಅದರ ನೆರಳು ಎಂತಕ್ಕೆ?

ಶರಾವತಿ_ದಂಡೆ
ಬೇಸರ ಆಯ್ತು, ಇಲ್ಲ ಅನ್ನಲ್ಲ. ಗೌಡ್ರು ಪ್ರಧಾನಿ ಆದಾಗ ನಾನು ಒಂಬತ್ತನೇ ಕ್ಲಾಸು. ಅಪ್ಪ ರೇಡಿಯೋ ಹತ್ತಿರ ಕುರ್ಚಿ ಎಳ್ಕೊಂಡು ಕೂತಿದ್ದು, ಅಕ್ಕಪಕ್ಕದ ತೋಟದವರೆಲ್ಲ ಜಗಲಿಗೆ ಬಂದಿದ್ದು ಕಣ್ಣಲ್ಲಿ ಹಾಗೇ ಇದೆ. ಆ ಕಥೆ ತಲೆಯಲ್ಲಿ ಕೂತಿರೋದು ನಿಜ.

ಆದರೆ ಗೌರಕ್ಕ ಬಂದಿದ್ದು ನಮ್ಮ ದೊಡ್ಡತ್ತೆಯಿಂದ. ದೊಡ್ಡತ್ತೆ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದರು. ದಿನದ ಕೊನೆಗೆ ನಾಲ್ಕಾಣೆ ಜಾಸ್ತಿ ಬಂದರೆ ಕಡಿಮೆ ಬಂದಿದ್ದಕ್ಕಿಂತ ಹೆಚ್ಚು ಕಷ್ಟಪಡ್ತಿದ್ದರು. ಯಾರದೋ ನಾಲ್ಕಾಣೆ ನಮ್ಮ ಹತ್ತಿರ ಉಳೀತು ಅಂತ ರಾತ್ರಿ ನಿದ್ದೆ ಇಲ್ಲ. ಅಂಥ ಹೆಂಗಸು ಆ ಕುರ್ಚಿ ಮೇಲೆ ಕೂತರೆ ಏನಾಗುತ್ತೆ ಅನ್ನೋದೇ ನನ್ನ ಪ್ರಶ್ನೆ.

ಕುಡ್ಲ_ಕಡಲು
ಇದು! ಈ ನಾಲ್ಕಾಣೆ ನಿಮ್ಮ ಮೊದಲ ಪೋಸ್ಟಿನಲ್ಲಿ ಇರಲೇ ಇಲ್ಲ. ಬರೇ ಸ್ಥಾನಗಳ ಪಟ್ಟಿ ಇತ್ತು. ಪುಸ್ತಕದಲ್ಲಿ ಉಂಟಾ?

ಶರಾವತಿ_ದಂಡೆ
ಮೊದಲ ಎರಡು ಅಧ್ಯಾಯದಲ್ಲಿದೆ. ಪ್ರಧಾನಿ ಆದಮೇಲೆ ಇಲ್ಲ. ಈಗ ನೀವು ಕೇಳಿದ ಮೇಲೆ ಗೊತ್ತಾಗ್ತಾ ಇದೆ.

ಸಿಡ್ನಿ_ಸೀನ
ಸದಸ್ಯರಲ್ಲದ ಪ್ರಧಾನಿಗೆ ಇಲ್ಲೂ ಉದಾಹರಣೆ ಇದೆ. 1967ರ ಡಿಸೆಂಬರ್ 17ಕ್ಕೆ ಆಸ್ಟ್ರೇಲಿಯಾದ ಪ್ರಧಾನಿ ಹೆರಾಲ್ಡ್ ಹೋಲ್ಟ್ ವಿಕ್ಟೋರಿಯಾದ ಶೆವಿಯಟ್ ಬೀಚಲ್ಲಿ ಈಜೋಕೆ ಇಳಿದವರು ವಾಪಸ್ ಬರಲೇ ಇಲ್ಲ. ದೇಹವೂ ಸಿಗಲಿಲ್ಲ. ಆಮೇಲೆ ಪ್ರಧಾನಿ ಆದ ಜಾನ್ ಗಾರ್ಟನ್ ಸೆನೆಟರ್. ಕೆಳಮನೆಗೆ ಬರಬೇಕು ಅಂತ ಸೆನೆಟ್ ಬಿಟ್ಟರು. 1968ರ ಫೆಬ್ರವರಿಯಲ್ಲಿ ಉಪಚುನಾವಣೆ ಗೆಲ್ಲೋ ತನಕ ಮೂರು ವಾರ ಅವರು ಯಾವ ಸದನದಲ್ಲೂ ಇರಲಿಲ್ಲ.

ಇದಕ್ಕಿಂತ ನಿಮಗೆ ಉಪಯೋಗ ಆಗೋದು ಇನ್ನೊಂದು. ಆಗ ಸಹಜವಾಗಿ ಮುಂದಿನ ಸಾಲಲ್ಲಿ ಇದ್ದವರು ವಿಲಿಯಂ ಮೆಕ್‌ಮಹನ್. ಮಿತ್ರಪಕ್ಷದ ನಾಯಕ ಜಾನ್ ಮೆಕ್ಎವೆನ್ 'ಅವರಾದರೆ ನಾವು ಸರ್ಕಾರದಲ್ಲಿ ಇರಲ್ಲ' ಅಂದುಬಿಟ್ಟರು. ಸಣ್ಣ ಪಕ್ಷಕ್ಕೆ ಯಾರನ್ನ ಪ್ರಧಾನಿ ಮಾಡಬೇಕು ಅನ್ನೋ ಶಕ್ತಿ ಇರಲ್ಲ, ಯಾರು ಆಗಬಾರದು ಅನ್ನೋ ಶಕ್ತಿ ಇರುತ್ತೆ. ನಿಮ್ಮ ದೊಡ್ಡ ತಲೆಗಳು ತಾವಾಗೇ ಒಲ್ಲೆ ಅನ್ನೋದಕ್ಕಿಂತ ಒಬ್ಬರಿಗೊಬ್ಬರು ಅಡ್ಡಗಾಲು ಹಾಕಿದರೆ ಇನ್ನೂ ನಂಬೋ ಹಾಗಿರುತ್ತೆ.

ವಕೀಲ_ಮೈಸೂರು
ಬ್ರಿಟನ್ನಿನಲ್ಲೂ ಆಗಿದೆ. 1963ರಲ್ಲಿ ಅಲೆಕ್ ಡಗ್ಲಸ್ ಹ್ಯೂಮ್ ಲಾರ್ಡ್ಸ್ ಸಭೆಯಲ್ಲಿದ್ದರು. ಪ್ರಧಾನಿ ಆದ ಮೇಲೆ ಅಕ್ಟೋಬರ್ 23ಕ್ಕೆ ತಮ್ಮ ಲಾರ್ಡ್ ಪದವಿ ತ್ಯಜಿಸಿ ನವೆಂಬರ್ 7ರ ಉಪಚುನಾವಣೆ ಗೆದ್ದರು. ನಡುವಿನ ಎರಡು ವಾರ ಯಾವ ಸದನದ ಸದಸ್ಯರೂ ಅಲ್ಲ.

ಬಾಗಲಕೋಟಿ_ಮಂದಿ
ದೂರ ಯಾಕ ಹೋಗ್ತೀರಿ? 1983ರಾಗ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆದಾಗ ವಿಧಾನಸಭಾದಾಗ ಇರಲಿಲ್ರಿ. ಆಮ್ಯಾಲೆ ಕನಕಪುರದಿಂದ ಆರಿಸಿ ಬಂದ್ರು.

ಮತ್ತ ನಮ್ಮ ಭಾಗದ್ದ ಒಂದು ಹೇಳ್ತೀನಿ, ಇದನ್ನ ಮಂದಿ ಮರತ ಬಿಟ್ಟಾರ. 1962ರಾಗ ನಿಜಲಿಂಗಪ್ಪನವರು ಹೊಸದುರ್ಗದಾಗ ಸೋತ್ರು. ಪಕ್ಷ ಗೆದ್ದೈತಿ, ನಾಯಕ ಸೋತಾನ. ಆಗ ಮುಖ್ಯಮಂತ್ರಿ ಆದವರು ನಮ್ಮ ಎಸ್.ಆರ್. ಕಂಠಿಯವರು. ಮಾರ್ಚ್‌ದಾಗ ಕುಂತ್ರು, ಜೂನ್‌ದಾಗ ನಿಜಲಿಂಗಪ್ಪನವರಿಗೆ ಕುರ್ಚಿ ಬಿಟ್ಟುಕೊಟ್ರು. ನೂರು ದಿನಾನೂ ತುಂಬಿರಲಿಲ್ಲ. ನಿಜಲಿಂಗಪ್ಪನವರು ಗೆದ್ದು ಬಂದಿದ್ದು ನಮ್ಮ ಬಾಗಲಕೋಟಿಯಿಂದನ. ಕಂಠಿಯವರು ಜಗಳಾ ಮಾಡಲಿಲ್ಲ, ಪಕ್ಷ ಒಡೀಲಿಲ್ಲ. ಮುಂದ ಮಂತ್ರಿಯಾಗಿ ಕೆಲಸಾ ಮಾಡಿದ್ರು. ಬಿಜಾಪುರದ ಸೈನಿಕ ಶಾಲೆ ನೋಡಿದಾಗೆಲ್ಲ ನಮ್ಮ ಅಪ್ಪ ಅವರ ಹೆಸರ ಹೇಳಾಂವ.

ಕುರ್ಚಿ ಬಿಡೋರನ್ನ ಯಾರೂ ನಂಬಂಗಿಲ್ಲ ಅಂತ ನಿಮ್ಮ ಗೆಳತಿ ಅಂದ್ರ, ಕಂಠಿಯವರ ಹೆಸರ ಹೇಳ್ರಿ ಅಕ್ಕಾವರ.

ಪುಟಾಣಿ_ಓದುಗ
ಇದು ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಸರ್.

ನಿವೃತ್ತ_ಮೇಷ್ಟ್ರು
ಎಲ್ಲರೂ ಉದಾಹರಣೆಗಳನ್ನು ರಾಶಿ ಹಾಕುತ್ತಿದ್ದೀರಿ. ನಾನು ಆ ಗೆಳತಿಯ ಪರವಾಗಿ ಎರಡು ಮಾತು ಆಡುತ್ತೇನೆ. ಲೋಕದಲ್ಲಿ ನಡೆದಿದೆ ಎಂಬ ಕಾರಣಕ್ಕೆ ಕಥೆಯಲ್ಲಿ ಅದು ನಂಬುವಂತೆ ಆಗುವುದಿಲ್ಲ. ಪತ್ರಿಕೆಗೆ 'ಹೀಗಾಯಿತು' ಎಂದರೆ ಸಾಕು. ಕಾದಂಬರಿಗೆ 'ಇವಳಿಗೇ ಏಕೆ ಹೀಗಾಯಿತು' ಬೇಕು. ಆ ಹುಡುಗಿ ಕೆಂಪು ಗೆರೆ ಎಳೆದದ್ದು ಸಂವಿಧಾನ ತಿಳಿಯದೆ ಅಲ್ಲ. ಗೌರಕ್ಕನ ಸ್ವಭಾವದಿಂದ ಆ ಘಟನೆ ಹುಟ್ಟಿಲ್ಲ ಎಂದು ಅವಳ ಮನಸ್ಸಿಗೆ ತಟ್ಟಿರಬೇಕು. ನನ್ನ ತರಗತಿಯಲ್ಲಿ ಮಕ್ಕಳು ಕಥೆ ಬರೆದು ತಂದಾಗ 'ಇದು ನಿಜವಾಗಿ ನಡೆದದ್ದು ಸಾರ್' ಎನ್ನುತ್ತಿದ್ದರು. ನಡೆದಿರಬಹುದು ಮಗು, ನಿನ್ನ ಕಥೆಯಲ್ಲಿ ಇನ್ನೂ ನಡೆದಿಲ್ಲ ಎನ್ನುತ್ತಿದ್ದೆ.

ವಕೀಲ_ಮೈಸೂರು
ಮೇಷ್ಟ್ರೇ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ರಾಜಕೀಯ ಕಾದಂಬರಿಯಲ್ಲಿ ನಿಯಮಗಳೂ ಪಾತ್ರಗಳೇ. ನಿಯಮ ಸಡಿಲವಾಗಿದ್ದರೆ ಸ್ವಭಾವ ಎಷ್ಟು ಗಟ್ಟಿಯಿದ್ದರೂ ಕಥೆ ಕುಸಿಯುತ್ತದೆ. ಮಲೆಗಡಲಿನಲ್ಲಿ ಪಕ್ಷಾಂತರ ನಿಷೇಧ ಇದೆಯೇ? ನಮ್ಮಲ್ಲಿ 1985ರ 52ನೇ ತಿದ್ದುಪಡಿಯಿಂದ ಬಂತು. ಮೂರನೇ ಒಂದು ಭಾಗ ಒಡೆದು ಹೋದರೆ ಪರವಾಗಿಲ್ಲ ಎಂಬ ಅವಕಾಶವನ್ನು 2003ರ 91ನೇ ತಿದ್ದುಪಡಿ ತೆಗೆದುಹಾಕಿತು. ಈ ಕಾನೂನು ಇಲ್ಲದ ದೇಶದಲ್ಲಿ 24 ಜನರ ಪಕ್ಷ ಬೆಂಬಲ ವಾಪಸ್ ತೆಗೆದುಕೊಂಡರೆ ಅವರಲ್ಲಿ ಹನ್ನೊಂದು ಜನರನ್ನು ಸೆಳೆದು ಗೌರಕ್ಕ ಉಳಿಯಬಹುದು. ಇರುವ ದೇಶದಲ್ಲಿ ಆಗದು. ಇದನ್ನು ಮೊದಲು ತೀರ್ಮಾನಿಸಿ.

ಕುಡ್ಲ_ಕಡಲು
ಕಾನೂನು ಇದ್ದರೂ ರಾಜೀನಾಮೆ ಕೊಡಿಸುವ ದಾರಿ ಉಂಟಲ್ವಾ ವಕೀಲರೇ? 2019ರಲ್ಲಿ ನಮ್ಮಲ್ಲೇ ನೋಡಿದೆವು. ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ 99-105ಕ್ಕೆ ಬಿತ್ತು. 17 ಜನ ಅನರ್ಹರಾದ್ರು. ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂತು, ಉಪಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳಿತು.

ವಕೀಲ_ಮೈಸೂರು
ಹೌದು, ಅದು ಕಾನೂನಿನ ದೊಡ್ಡ ತೂತು.

ಮ್ಯೂನಿಕ್_ಕನ್ನಡತಿ
ಮಲೆಗಡಲಿಗೆ ಜರ್ಮನಿಯ ನಿಯಮ ಇಟ್ಟರೆ ಹೇಗೆ? ಇಲ್ಲಿ ಚಾನ್ಸಲರ್ ಅವರನ್ನ ಬರೀ ಬೀಳಿಸೋಕೆ ಆಗಲ್ಲ. ಮುಂದಿನವರ ಹೆಸರನ್ನ ಅದೇ ಮತದಲ್ಲಿ ಗೆಲ್ಲಿಸಬೇಕು. ಬೇಡ ಅನ್ನೋಕೆ ಒಟ್ಟಾಗೋರು ಬೇಕು ಅನ್ನೋಕೂ ಒಟ್ಟಾಗಬೇಕು. ಇದು ಗೆದ್ದಿದ್ದು ಒಂದೇ ಸಲ, 1982ರ ಅಕ್ಟೋಬರ್ 1ಕ್ಕೆ ಶ್ಮಿಟ್ ಹೋಗಿ ಕೋಲ್ ಬಂದರು. 1972ರಲ್ಲಿ ವಿಲ್ಲಿ ಬ್ರಾಂಟ್ ವಿರುದ್ಧ ಬಾರ್ಝೆಲ್ ಪ್ರಯತ್ನ ಮಾಡಿದಾಗ ಬೇಕಿದ್ದಿದ್ದು 249, ಸಿಕ್ಕಿದ್ದು 247. ಆ ಎರಡು ಮತದ ಹಿಂದೆ ಪೂರ್ವ ಜರ್ಮನಿಯ ಗುಪ್ತಚರರ ದುಡ್ಡು ಓಡಾಡಿತ್ತು ಅನ್ನೋದು ಆಮೇಲೆ ಹೊರಬಂತು.

ಸ್ಪೇನಲ್ಲೂ ಇದೇ ನಿಯಮ. 2018ರ ಜೂನ್ 1ಕ್ಕೆ ರಹೋಯ್ ಅವರನ್ನ ಇಳಿಸಿ ಪೆದ್ರೋ ಸಾಂಚೆಸ್ ಬಂದರಲ್ಲ, ಆಗ ಸಾಂಚೆಸ್ ಸಂಸತ್ ಸದಸ್ಯರೇ ಆಗಿರಲಿಲ್ಲ. ನೆದರ್ಲೆಂಡ್ಸಲ್ಲಂತೂ ಉಲ್ಟಾ, ಮಂತ್ರಿ ಆದರೆ ಸಂಸತ್ತಿನ ಸ್ಥಾನ ಬಿಡಲೇಬೇಕು. ನಿಮ್ಮ ಗೆಳತಿಗೆ ಅದನ್ನೂ ಹೇಳಿ.

ಶರಾವತಿ_ದಂಡೆ
ಜರ್ಮನಿ ನಿಯಮ ಚೆನ್ನಾಗಿದೆ. ಆದರೆ ಮಲೆಗಡಲಿನ ಜನ ನಮ್ಮಂತೆಯೇ ಬಿದ್ದು ಎದ್ದು ಕಲೀತಿರೋರು. ಅಷ್ಟು ಅಚ್ಚುಕಟ್ಟಾದ ಸಂವಿಧಾನ ಅವರಿಗೆ ಒಪ್ಪಲ್ಲ ಅನ್ಸುತ್ತೆ.

ಶಾಸನ_ಪ್ರೇಮಿ
ವಿಷಯ ಸ್ವಲ್ಪ ಬೇರೆ. 'ಪ್ರಧಾನಿ' ಎಂಬ ಪದವನ್ನೇ ಇಡುತ್ತೀರಾ? ಹೊಯ್ಸಳರ ಶಾಸನಗಳಲ್ಲಿ 'ಮಹಾಪ್ರಧಾನ' ಎಂಬ ಪದವಿ ಹೇರಳವಾಗಿ ಸಿಗುತ್ತದೆ, 'ದಂಡನಾಯಕ' ಎಂಬುದರ ಜೊತೆಜೊತೆಗೇ. 'ಹೆಗ್ಗಡೆ'ಯ ಹಳೆಯ ರೂಪ 'ಪೆರ್ಗಡೆ', ಅದೂ ಅಧಿಕಾರಿಯ ಹೆಸರೇ. 'ಸರ್ವಾಧಿಕಾರಿ' ಆಗ ಗೌರವದ ಹುದ್ದೆ, ಇಂದು ಆ ಮಾತು ಬೈಗುಳಕ್ಕೆ ಹತ್ತಿರ. ಕಲ್ಪನೆಯ ಕನ್ನಡ ನಾಡೊಂದನ್ನು ಕಟ್ಟುವವರು ಈ ಪದಗಳನ್ನು ಕೈಬಿಡಬಾರದು.

ಬಾಗಲಕೋಟಿ_ಮಂದಿ
ಮಹಾಪ್ರಧಾನೆ ಗೌರಕ್ಕ! ಕೇಳಾಕ ಭಾಳ ಚಲೋ ಐತ್ರಿ.

ಸಿಡ್ನಿ_ಸೀನ
ದಿವಾನ್ ಅಂತಲೂ ಇಡಬಹುದಲ್ಲ? ನಮ್ಮ ಅಜ್ಜನಿಗೆ ಮೈಸೂರು ಅಂದರೆ ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, ಅವರೆಲ್ಲ ದಿವಾನರೇ.

ಶಾಸನ_ಪ್ರೇಮಿ
ದಿವಾನರನ್ನು ಮಹಾರಾಜರು ನೇಮಿಸುತ್ತಿದ್ದರು. 1881ರಲ್ಲೇ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರುವಾದರೂ ದಿವಾನರನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ಗೌರಕ್ಕ ಬೀಳುವುದು ಸದನದ ಮತದಿಂದ. ಆದ್ದರಿಂದ ದಿವಾನ್ ಸಲ್ಲದು.

ಶರಾವತಿ_ದಂಡೆ
ಪ್ರಮಾಣವಚನದ ಪತ್ರದಲ್ಲಿ 'ಮಹಾಪ್ರಧಾನೆ', ಜನರ ಬಾಯಲ್ಲಿ 'ಪ್ರಧಾನಿ' ಅಂತ ಇಡ್ತೀನಿ. ಸಂತೋಷ ಆಯ್ತು ಸರ್.

ತೀರ್ಥಹಳ್ಳಿ_ತಂಗಿ
ಯಾರೂ ಕೇಳದೇ ಇರೋದನ್ನ ನಾನು ಕೇಳ್ತೀನಿ. ಗೌರಕ್ಕನ ಗಂಡ, ಅಪ್ಪ, ಅಣ್ಣ ಯಾರಾದರೂ ರಾಜಕೀಯದಲ್ಲಿ ಇದ್ದರಾ? ಇಲ್ಲ ಅಂದರೆ ಆಕೆ ಮುಖ್ಯಮಂತ್ರಿ ಹೇಗಾದಳು? ಕರ್ನಾಟಕಕ್ಕೆ ಇವತ್ತಿನವರೆಗೆ ಒಬ್ಬ ಹೆಣ್ಣು ಮುಖ್ಯಮಂತ್ರಿ ಬಂದಿಲ್ಲ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ವಿಧಾನಸಭೆಯ ಸ್ಪೀಕರ್ ಆದರು. ಅಷ್ಟು ಗಟ್ಟಿ ಹೆಂಗಸಿಗೂ ಆ ಇನ್ನೊಂದು ಬಾಗಿಲು ತೆರೀಲಿಲ್ಲ. ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ 1960ರಲ್ಲಿ ಬಂದಿದ್ದು ಗಂಡನ ಹತ್ಯೆಯ ಮರುವರ್ಷ. ಆಕೆ ಕೂಡ ಕೆಳಮನೆಯಲ್ಲಿ ಇರಲಿಲ್ಲ, ಸೆನೆಟ್ ಮೂಲಕ ಬಂದರು.

ನನಗೆ ಕೆಂಪು ಗೆರೆ ಎಳೀಬೇಕು ಅನ್ಸೋದು ಇಲ್ಲಿ. ನಮ್ಮ ಊರಿನ ಸಂಘದಲ್ಲಿ ಹೆಂಗಸರನ್ನ ಕರೀತಾರೆ. ಫೋಟೋಕ್ಕೆ ಮುಂದಿನ ಸಾಲು, ತೀರ್ಮಾನಕ್ಕೆ ಚಾ ಮಾಡೋ ಕೋಣೆ. ಸದಸ್ಯೆ ಅಲ್ಲದ ಪ್ರಧಾನಿಯನ್ನ ನಾನು ನಂಬ್ತೀನಿ. ಯಾರ ಮಗಳೂ, ಯಾರ ಹೆಂಡತಿಯೂ ಅಲ್ಲದವಳು ಅಲ್ಲಿ ತನಕ ಹೇಗೆ ಬಂದಳು ಅನ್ನೋದನ್ನ ತೋರಿಸಿ.

ಮ್ಯೂನಿಕ್_ಕನ್ನಡತಿ
ಇಸ್ರೇಲಿನ ಗೋಲ್ಡಾ ಮೇಯರ್ ನೋಡಿ. ಗಂಡನ ಹೆಸರಿನಿಂದ ಬಂದವರಲ್ಲ. ಕಾರ್ಮಿಕ ಸಂಘಟನೆ, ಪಕ್ಷದ ಕೆಲಸ, ಮಂತ್ರಿಗಿರಿ ಎಲ್ಲ ಮುಗಿಸಿ ಪಕ್ಕಕ್ಕೆ ಸರಿದಿದ್ದರು. 1969ರಲ್ಲಿ ಲೆವಿ ಎಶ್ಕೋಲ್ ತೀರಿಕೊಂಡಾಗ ಇಬ್ಬರು ಗಂಡಸರ ಪೈಪೋಟಿ ಪಕ್ಷವನ್ನ ಒಡೆಯುತ್ತೆ ಅಂತ ಹೆದರಿ ಎಪ್ಪತ್ತು ವರ್ಷದ ಆಕೆಯನ್ನ ಕರೆದರು. ಸ್ವಲ್ಪ ದಿನ ಇರ್ತಾರೆ ಅಂದುಕೊಂಡವರ ಕಣ್ಣೆದುರೇ 1974ರ ತನಕ ಇದ್ದರು.

ತೀರ್ಥಹಳ್ಳಿ_ತಂಗಿ
ಅಂದರೆ ಇವಳಿಂದ ಅಪಾಯ ಇಲ್ಲ ಅಂತ ಅಂದುಕೊಂಡರು, ಅದಕ್ಕೇ ಕರೆದರು. ಗೌರಕ್ಕನಿಗೂ ಅದೇ ಇರಲಿ. ಅದು ಅವಳಿಗೆ ಗೊತ್ತಿರಲಿ.

ಶರಾವತಿ_ದಂಡೆ
ತಂಗಿ, ನೀನು ಹೇಳಿದ್ದು ಸರಿ. ಗೌರಕ್ಕ ಮೇಲೆ ಬಂದಿದ್ದು ಲೆಕ್ಕದಿಂದ. ಸಂಘದ ದುಡ್ಡು ತಿಂದವರೆಲ್ಲರ ಲೆಕ್ಕ ಅವಳ ಪುಸ್ತಕದಲ್ಲಿತ್ತು, ಅದನ್ನ ಯಾವತ್ತೂ ಹೆದರಿಸೋಕೆ ಬಳಸಲಿಲ್ಲ. ಬಳಸಲ್ಲ ಅಂತ ಗೊತ್ತಿದ್ದಕ್ಕೇ ಎಲ್ಲರೂ ಅವಳನ್ನ ಒಪ್ಪಿದರು. ಇದನ್ನ ಒಂದು ಸಾಲಲ್ಲಿ ಮುಗಿಸಿದ್ದೆ, ಅಧ್ಯಾಯ ಮಾಡ್ತೀನಿ.

ಹಾಲುಸಂಘದ_ಕಾರ್ಯದರ್ಶಿ
ಮಂಡ್ಯದ ಕಡೆಯೋನು ನಾನು. ಸಂಘ ಅಂದ್ರಲ್ಲ, ಅದಕ್ಕೆ ಬರೀತಾ ಇವ್ನಿ. ಪಾರ್ಲಿಮೆಂಟ್ ಗೊತ್ತಿಲ್ಲ, ಅವಿಶ್ವಾಸ ಗೊತ್ತು.

ನಮ್ಮೂರ ಹಾಲಿನ ಡೈರಿಲಿ 13 ಜನ ನಿರ್ದೇಶಕರು. ಅಧ್ಯಕ್ಷರ ಮೇಲೆ ಅವಿಶ್ವಾಸ ಬಂತು. 7 ಜನ ಬೇಕು. ಸಭೆಗೆ ನಾಕು ದಿನ ಮುಂಚೆ 7 ಜನಾನ ವ್ಯಾನಲ್ಲಿ ಕೂರಿಸ್ಕೊಂಡು ಧರ್ಮಸ್ಥಳ, ಕುಕ್ಕೆ, ಹೊರನಾಡು ಅಂತ ಸುತ್ತಿಸೋಕೆ ಹೋದ್ರು. ಫೋನೆಲ್ಲ ಒಂದು ಬ್ಯಾಗಿಗೆ ಹಾಕಿಸ್ಕೊಂಡಿದ್ರು. ಮೂರನೇ ದಿನ ಒಬ್ಬ ನಿರ್ದೇಶಕ ಹೆಂಗೋ ಮನೆಗೆ ಫೋನ್ ಮಾಡವ್ನೆ. ಹೆಂಡ್ತಿ ಹೇಳವ್ಳೆ, ಹಸ ಈಯೋ ಹಂಗದೆ, ಕರ ಅಡ್ಡ ತಿರುಗದೆ, ನೀ ಬಾ ಅಂತ. ಆ ವಯ್ಯ ಹೊರನಾಡಿಂದ ಬಸ್ ಹತ್ತಿ ಬಂದ್ಬುಟ್ಟ. ಹಸಾನೂ ಉಳೀತು, ಕರಾನೂ ಉಳೀತು. ಸಭೆ ದಿನ ಅಧ್ಯಕ್ಷರ ಪರವಾಗಿ ಕೈ ಎತ್ತಿದ. ಯಾಕಪ್ಪ ಅಂದ್ರೆ, ಆ ರಾತ್ರಿ ಡಾಕ್ಟ್ರನ್ನ ಗಾಡಿಲಿ ಕೂರಿಸ್ಕೊಂಡು ಅವ್ನ ಕೊಟ್ಟಿಗೆಗೆ ಕರ್ಕಬಂದೋರು ಅಧ್ಯಕ್ಷರೇ. ಅವ್ರ ಮೇಲೇ ಅವಿಶ್ವಾಸ ಹಾಕಿದ್ದೋನು ಅಂತ ಗೊತ್ತಿದ್ರೂ ಬಂದಿದ್ರು.

ಒಂದು ಮತದಲ್ಲಿ ಕುರ್ಚಿ ಉಳೀತು ಮೇಡಂ. ನಿಮ್ಮ ಕತೇಲಿ ಲೆಕ್ಕಕ್ಕೆ 24, 50 ಅಂತೀರಲ್ಲ, ಆ 24ರಲ್ಲಿ ಒಬ್ಬೊಬ್ಬನ ಮನೇಲೂ ಒಂದೊಂದು ಹಸ ಅದೆ.

ತೀರ್ಥಹಳ್ಳಿ_ತಂಗಿ
ಇದನ್ನ ಓದಿ ಕಣ್ಣು ಒದ್ದೆ ಆಯ್ತು.

ಹಾಸನದ_ಹೈದ
ಒಂದು ಮತ ಅಂದ್ರೆ 1999ರ ಏಪ್ರಿಲ್ 17 ನೆನಪಾಗುತ್ತೆ. ವಾಜಪೇಯಿ ಸರ್ಕಾರ 269-270ಕ್ಕೆ ಬಿತ್ತು. ಗಿರಿಧರ್ ಗಮಾಂಗ್ ಆಗ್ಲೇ ಒಡಿಶಾ ಮುಖ್ಯಮಂತ್ರಿ, ಲೋಕಸಭೆ ಸ್ಥಾನಕ್ಕೆ ಇನ್ನೂ ರಾಜೀನಾಮೆ ಕೊಟ್ಟಿರ್ಲಿಲ್ಲ, ಬಂದು ಮತ ಹಾಕಿದ್ರು.

ವಕೀಲ_ಮೈಸೂರು
ಸ್ಪೀಕರ್ ಲೆಕ್ಕ ಮರೆಯಬೇಡಿ. ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕುವುದಿಲ್ಲ, ಸಮ ಬಂದರೆ ಮಾತ್ರ. ಸ್ಪೀಕರ್ ಒಕ್ಕೂಟದವರಾದರೆ ಗೌರಕ್ಕನ 50 ಅಲ್ಲಿಗೇ 49 ಆಯಿತು.

ಕುಡ್ಲ_ಕಡಲು
ಸರಿ, ಮೂರನೇ ಗೆರೆ ಇನ್ನೂ ಉಳಿದಿದೆ. 24 ಜನರ ಪಕ್ಷ ಬೆಂಬಲ ವಾಪಸ್ ತೆಗೆದುಕೊಂಡದ್ದು ಎಂತಕ್ಕೆ? ಚುನಾವಣೆ ಬಂದರೆ ಅವರಿಗೂ ಲಾಭ ಇಲ್ಲ. ಆ ಗೆರೆ ನನಗೂ ಸರಿ ಕಾಣ್ತದೆ.

ಹಾಸನದ_ಹೈದ
ಅಲ್ಲೇ ಇರೋದು ವಿಷ್ಯ. 1997ರ ಮಾರ್ಚ್ 30ಕ್ಕೆ ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿ ಗೌಡ್ರಿಗೆ ಕೊಟ್ಟಿದ್ದ ಬೆಂಬಲ ವಾಪಸ್ ತಗೊಂಡ್ರು. ಏಪ್ರಿಲ್ 11ಕ್ಕೆ ವಿಶ್ವಾಸಮತ, 158-292. ಗೌಡ್ರು ಸೋತ್ರು. ಆಮೇಲೆ ಚುನಾವಣೆ ಆಯ್ತಾ? ಇಲ್ಲ. ಏಪ್ರಿಲ್ 21ಕ್ಕೆ ಅದೇ ಸಂಯುಕ್ತ ರಂಗ, ಅದೇ ಕಾಂಗ್ರೆಸ್ ಬೆಂಬಲ, ಪ್ರಧಾನಿ ಮಾತ್ರ ಗುಜ್ರಾಲ್. ಗೌಡ್ರ ಸಂಪುಟದಲ್ಲಿ ವಿದೇಶಾಂಗ ಮಂತ್ರಿ ಆಗಿದ್ದೋರು. ಅವತ್ತು ಬೀಳಿಸ್ಬೇಕಾಗಿದ್ದು ಸರ್ಕಾರನ ಅಲ್ಲ, ಒಬ್ಬ ಮನುಷ್ಯನ್ನ.

ಕುಡ್ಲ_ಕಡಲು
ಓ! ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಶರಾವತಿಯವರೇ, ನಿಮ್ಮ ಕಥೆಯಲ್ಲಿ ಸರ್ಕಾರ ಬೀಳಬೇಕಾಗಿಯೇ ಇಲ್ಲ. 'ನಾಯಕಿಯನ್ನು ಬದಲಿಸಿ, ನಾವು ಜೊತೆಗಿದ್ದೇವೆ' ಅಂತ ಹೇಳಿದರೆ ಸಾಕು. ಒಕ್ಕೂಟದವರು ಎಂತ ಮಾಡ್ತಾರೆ?

ಹಾಲುಸಂಘದ_ಕಾರ್ಯದರ್ಶಿ
ಕುರ್ಚಿ ಹಾಕಿದೋನೇ ಕುರ್ಚಿ ಎಳೀತಾನೆ. ಎಲ್ಲಾ ಕಡೆ ಹಂಗೇ.

ಶರಾವತಿ_ದಂಡೆ
ಮೈ ಜುಂ ಅಂತು. ಗೌರಕ್ಕನ ಹೆಸರನ್ನ ಮೊದಲು ಸೂಚಿಸಿದ್ದು ಶೇಷಗಿರಿ ಅನ್ನೋ ಪಾತ್ರ, ಇಪ್ಪತ್ತು ವರ್ಷದ ಸ್ನೇಹಿತ, ಹಣಕಾಸು ಮಂತ್ರಿ. ಅವನೇ ಮುಂದಿನ ಪ್ರಧಾನಿ. ಹತ್ತೊಂಬತ್ತನೇ ಅಧ್ಯಾಯ ಪೂರ್ತಿ ಬದಲಾಗುತ್ತೆ.

ನಿವೃತ್ತ_ಮೇಷ್ಟ್ರು
ಅವನನ್ನು ದುಷ್ಟನನ್ನಾಗಿ ಮಾಡಬೇಡಮ್ಮ. ಒಕ್ಕೂಟ ಉಳಿಯಲಿ, ಐದು ಪಕ್ಷದ ಜನ ಬೀದಿಗೆ ಬೀಳದಿರಲಿ ಎಂದು ಅವನು ನಿಜವಾಗಿಯೂ ನಂಬಿರಲಿ. ಹಿಂದಿನ ರಾತ್ರಿ ಗೌರಕ್ಕನ ಮನೆಗೆ ಬಂದು ಕುಳಿತಿರಲಿ. ಇಬ್ಬರೂ ಊಟ ಮಾಡಲಿ. ಆ ಮಾತು ಮಾತ್ರ ಯಾರೂ ಎತ್ತದಿರಲಿ.

ಬಾಗಲಕೋಟಿ_ಮಂದಿ
ಮೇಷ್ಟ್ರ, ಹಂಗಾದ್ರ ಗೌರಕ್ಕ ಕಂಠಿಯವರಂಗ ತಾನ ಬಿಟ್ಟುಕೊಡಬಹುದಲ್ರಿ? ರಾಜೀನಾಮಾ ಕೊಟ್ರ ಮಾನ ಉಳೀತದ.

ವಕೀಲ_ಮೈಸೂರು
ಇದು ಒಳ್ಳೆಯ ಪ್ರಶ್ನೆ. ಸೋಲು ಖಚಿತ ಇರುವಾಗ ಎರಡು ದಾರಿ. 1979ರಲ್ಲಿ ಚರಣ್ ಸಿಂಗ್ ಲೋಕಸಭೆಯನ್ನು ಎದುರಿಸದೆ ರಾಜೀನಾಮೆ ಕೊಟ್ಟರು. 1996ರಲ್ಲಿ ವಾಜಪೇಯಿ ಚರ್ಚೆಗೆ ಉತ್ತರ ಕೊಟ್ಟು, ಮತಕ್ಕೆ ಹಾಕುವ ಮೊದಲೇ ರಾಷ್ಟ್ರಪತಿಗಳ ಬಳಿ ಹೋದರು. ದೇವೇಗೌಡರು ಮತ ಎಣಿಸುವ ತನಕ ಸದನದಲ್ಲಿ ನಿಂತರು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂಬುದು 1994ರ ಎಸ್.ಆರ್. ಬೊಮ್ಮಾಯಿ ತೀರ್ಪಿನ ಸಾರ, ಆ ಹೋರಾಟ ನಮ್ಮ ರಾಜ್ಯದ್ದೇ. 1989ರಲ್ಲಿ ಬೊಮ್ಮಾಯಿಯವರಿಗೆ ಸದನದಲ್ಲಿ ಬಹುಮತ ತೋರಿಸುವ ಅವಕಾಶ ಕೊಡದೆ ಸರ್ಕಾರ ವಜಾ ಮಾಡಿದ್ದರು.

49ಕ್ಕೆ 68 ಅಂತ ಗೊತ್ತಿದ್ದೂ ಗೌರಕ್ಕ ನಿಲ್ಲುತ್ತಾಳಾ, ಹೋಗುತ್ತಾಳಾ?

ಕುಡ್ಲ_ಕಡಲು
ನಿಲ್ತಾಳೆ. ಖಂಡಿತ ನಿಲ್ತಾಳೆ. ನಾಲ್ಕಾಣೆಗೆ ನಿದ್ದೆ ಬಿಟ್ಟವಳು ಲೆಕ್ಕ ಎಣಿಸದೆ ಪುಸ್ತಕ ಮುಚ್ಚುವುದುಂಟಾ?

ಶರಾವತಿ_ದಂಡೆ
ಹತ್ತು ನಿಮಿಷದಿಂದ ನಿಮ್ಮ ಈ ಸಾಲನ್ನೇ ನೋಡ್ತಾ ಕೂತಿದ್ದೆ. ಗೆಲ್ಲೋಕೆ ಅಲ್ಲ, ಯಾರು ಯಾವ ಕಡೆ ಅಂತ ಕಡತದಲ್ಲಿ ಬರೀಬೇಕು ಅಂತ ಅವಳು ನಿಲ್ತಾಳೆ. ಶೇಷಗಿರಿ ಅವಳ ಪರವಾಗೇ ಮತ ಹಾಕ್ತಾನೆ, ನಾಳೆ ಬೆಳಗ್ಗೆ ಅವಳ ಜಾಗದಲ್ಲಿ ಕೂರೋನು. ಅವನ ಹೆಸರೂ ಅವಳ 49ರಲ್ಲಿ ಬರುತ್ತೆ. ಗೌಡ್ರ ನೆರಳು ಅಲ್ಲಿಗೆ ಬಿಟ್ಟು ಹೋಗುತ್ತೆ ಅಂದುಕೊಂಡಿದೀನಿ.

ಕುಡ್ಲ_ಕಡಲು
ಬಿಟ್ಟಿತು. ನನ್ನ ತಕರಾರು ವಾಪಸ್.

ವಕೀಲ_ಮೈಸೂರು
ಪಕ್ಷೇತರರು ಇಬ್ಬರು ಯಾವ ಕಡೆ?

ಶರಾವತಿ_ದಂಡೆ
ಒಬ್ಬ ಆ ಕಡೆ, 69 ಆಗುತ್ತೆ. ಇನ್ನೊಬ್ಬನನ್ನ ನಾಲ್ಕು ದಿನದಿಂದ ಎಲ್ಲೋ ಘಟ್ಟದ ಮೇಲೆ ಇಟ್ಟಿರ್ತಾರೆ. ಅವನು ಬಸ್ ಹತ್ತಿ ಬಂದು ಗೌರಕ್ಕನ ಕಡೆ ಕೂತು 50 ಮಾಡ್ತಾನೆ. ಕಾರ್ಯದರ್ಶಿಗಳೇ, ಆ ಹಸುವನ್ನ ನನಗೆ ಕೊಡ್ತೀರಾ?

ಹಾಲುಸಂಘದ_ಕಾರ್ಯದರ್ಶಿ
ತಗೊಳ್ಳಿ ಮೇಡಂ. ಹಸೀನ ಹೆಸ್ರು ಗಂಗೆ. ಹೆಸ್ರು ಮಾತ್ರ ಬದಲಾಯಿಸ್ಬೇಡಿ.